ಲೋಡ್ ಹೊತ್ತ ಬೈಕಿನ ಹೆಡ್‌ಲೈಟ್ ಮಟ್ಟ ಹೊಂದಿಸುವುದು ಹೇಗೆ: ಘಟ್ಟದ ರಾತ್ರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಿಂದ ಆಲ್ದೂರು ದಾಟಿ ಮೂಡಿಗೆರೆಯತ್ತ ಹೋಗುತ್ತಿದ್ದ ಒಂದು ರಾತ್ರಿ, ಹಿಂದೆ ಕುಳಿತಿದ್ದ ಹೆಂಡತಿ ಕೇಳಿದಳು: "ರೀ, ಎದುರು ಬರುವವರೆಲ್ಲ ನಮಗೇ ಯಾಕೆ ಡಿಪ್ಪರ್ ಹೊಡೆಯುತ್ತಿದ್ದಾರೆ?" ನಾನು ಡಿಮ್‌ನಲ್ಲೇ ಇದ್ದೆ. ಅನುಮಾನಕ್ಕೆ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದೆ. ಮುಂದಿನ ತಿರುವಿನಲ್ಲಿ ಎದುರಾದ ಪಿಕಪ್ ಗಾಡಿ ನಿಂತೇಬಿಟ್ಟಿತು. ಚಾಲಕ ಕಣ್ಣಿಗೆ ಅಂಗೈ ಅಡ್ಡ ಹಿಡಿದಿದ್ದ. ಅವನ ಎಡಕ್ಕೆ ರಸ್ತೆಯ ಅಂಚು, ಅದರಾಚೆ ಕಾಫಿ ತೋಟದ ಇಳಿಜಾರು. ಆ ಅಂಗೈಯನ್ನು ನಾನು ಇಂದಿಗೂ ಮರೆತಿಲ್ಲ.

ಆ ಹೆಡ್‌ಲೈಟನ್ನು ಎರಡು ದಿನ ಮೊದಲು ನಾನೇ ಹೊಂದಿಸಿದ್ದೆ. ಮನೆಯ ಕಾಂಪೌಂಡ್ ಗೋಡೆಗೆ ಬೆಳಕು ಬಿಟ್ಟು, ಸ್ಕ್ರೂ ತಿರುಗಿಸಿ, ಸರಿಯಾಯಿತು ಎಂದುಕೊಂಡಿದ್ದೆ. ಆಗ ಬೈಕಿನ ಮೇಲೆ ಯಾರೂ ಇರಲಿಲ್ಲ. ಆ ರಾತ್ರಿ ನಾವಿಬ್ಬರಿದ್ದೆವು, ಹಿಂದೆ ಪೆಟ್ಟಿಗೆ, ಎರಡೂ ಪಕ್ಕದಲ್ಲಿ ಚೀಲ. ಬೈಕಿನ ಹಿಂಭಾಗ ಕುಗ್ಗಿತ್ತು, ಮೂತಿ ಮೇಲೆದ್ದಿತ್ತು, ಡಿಮ್ ಬೆಳಕು ನೇರವಾಗಿ ಎದುರಿನವರ ಕಣ್ಣಿಗೆ ಹೋಗುತ್ತಿತ್ತು. ದೂರದ ಪ್ರವಾಸದ ಬೈಕಿನಲ್ಲಿ ಹೆಡ್‌ಲೈಟ್ ಹೊಂದಿಸುವ ಕೆಲಸ ಶುರುವಾಗಬೇಕಾದದ್ದು ಹಿಂದಿನ ಶಾಕ್ ಅಬ್ಸಾರ್ಬರ್‌ನಿಂದ. ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವುದು ಕೊನೆಗೆ.

ಮೊದಲು ಸ್ವಲ್ಪ ಲೆಕ್ಕ

ಲೋ ಬೀಮ್, ಅಂದರೆ ಡಿಮ್ ಬೆಳಕಿಗೆ ಮೇಲುಗಡೆ ಒಂದು ಅಂಚಿರುತ್ತದೆ. ಅಂಚಿನ ಕೆಳಗೆ ಬೆಳಕು, ಮೇಲೆ ಹೆಚ್ಚುಕಡಿಮೆ ಕತ್ತಲೆ. ಈ ಅಂಚು ಲ್ಯಾಂಪಿನಿಂದ ಮುಂದೆ ಹೋಗುತ್ತಾ ನಿಧಾನವಾಗಿ ಕೆಳಗಿಳಿಯಬೇಕು. ಎಷ್ಟು ಇಳಿಯಬೇಕು ಎಂಬುದೇ ಇಡೀ ವಿಷಯ.

ನೆಲದಿಂದ ಲ್ಯಾಂಪಿನ ಮಧ್ಯಕ್ಕೆ 90 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಪ್ರತಿ 100 ಸೆಂಟಿಮೀಟರಿಗೆ 1 ಸೆಂಟಿಮೀಟರ್ ಇಳಿದರೆ, ಅಂದರೆ ಶೇಕಡಾ 1ರ ಇಳಿತವಾದರೆ, ಅಂಚು 90 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಶೇಕಡಾ 1.5 ಆದರೆ 60 ಮೀಟರ್. ಶೇಕಡಾ 2.5 ಆದರೆ ಬರೀ 36 ಮೀಟರ್. ಕಣ್ಣಿಗೆ ಉಪಯೋಗಕ್ಕೆ ಬರುವ ಬೆಳಕು ಇದಕ್ಕಿಂತ ಇನ್ನೂ ಈಚೆಗೇ ಮುಗಿಯುತ್ತದೆ, ಏಕೆಂದರೆ ಅಷ್ಟು ದೂರ ಹೋಗುವಷ್ಟರಲ್ಲಿ ಬೆಳಕು ಮಂಕಾಗಿರುತ್ತದೆ.

ಇದನ್ನು ಬ್ರೇಕಿನ ಲೆಕ್ಕದ ಪಕ್ಕದಲ್ಲಿ ಇಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡದ್ದನ್ನು ಗ್ರಹಿಸಿ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25 ಮೀಟರ್ ಹೋಗಿರುತ್ತದೆ. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ನಿಲ್ಲಲು ಇನ್ನೂ 28 ಮೀಟರ್ ಬೇಕಾಗಬಹುದು. ಒಟ್ಟು 53 ಮೀಟರ್. ಎದುರಿನವರಿಗೆ ತೊಂದರೆ ಬೇಡವೆಂದು ಲೈಟನ್ನು ತೀರಾ ಕೆಳಗೆ ಬಗ್ಗಿಸಿದರೆ, ಕಂಡದ್ದರ ಮುಂದೆ ನಿಲ್ಲಲಾಗದ ವೇಗದಲ್ಲಿ ನೀವು ಹೋಗುತ್ತಿರುತ್ತೀರಿ. ಹಾಗಾಗಿ ಗುರಿ ಶೇಕಡಾ 1ರಿಂದ 1.5ರ ನಡುವೆ. ನಿಮ್ಮ ಬೈಕಿನ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಈಗ ಆಲ್ದೂರಿನ ರಾತ್ರಿಗೆ ಬರೋಣ. ಎರಡು ಚಕ್ರಗಳ ನಡುವಿನ ಅಂತರ 145 ಸೆಂಟಿಮೀಟರ್. ಮುಂಭಾಗ ಇದ್ದಲ್ಲೇ ಇದ್ದು ಹಿಂಭಾಗ ಬರೀ 3 ಸೆಂಟಿಮೀಟರ್ ಕುಗ್ಗಿದರೆ ಇಡೀ ಬೈಕು ಶೇಕಡಾ 2ರಷ್ಟು ಮೇಲಕ್ಕೆ ವಾಲುತ್ತದೆ. ಶೇಕಡಾ 1ರಷ್ಟು ಕೆಳಗಿಳಿಯಬೇಕಿದ್ದ ಬೆಳಕು ಶೇಕಡಾ 1ರಷ್ಟು ಮೇಲೇರತೊಡಗುತ್ತದೆ. 60 ಮೀಟರ್ ದೂರದಲ್ಲಿ ಅದರ ಅಂಚು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಪಿಕಪ್ ಚಾಲಕನ ಕಣ್ಣು ಇರುವುದೂ ಹೆಚ್ಚುಕಡಿಮೆ ಅಲ್ಲೇ.

ಕಾನೂನಿನಲ್ಲೂ ಇದಕ್ಕೆ ಅಳತೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದ ಪ್ರಕಾರ, ಲ್ಯಾಂಪಿನಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. ಇದು ತೀರಾ ಸಡಿಲವಾದ ಮಿತಿ. 8 ಮೀಟರಿನಲ್ಲಿ ನಮ್ಮ ಅಂಚು ಅದಕ್ಕಿಂತ ಬಹಳ ಕೆಳಗಿರಬೇಕು. ಆದರೂ ಆ 8 ಮೀಟರ್ ನನಗೆ ಹಿಡಿಸಿತು. ಗೋಡೆಯ ಅಳತೆಗೆ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಶೇಕಡಾ 1 ಎಂದರೆ ಗೋಡೆಯ ಮೇಲೆ 8 ಸೆಂಟಿಮೀಟರ್, ಶೇಕಡಾ 1.5 ಎಂದರೆ 12. ನೆನಪಿಡಲು ಸುಲಭ.

ಜಾಗ: ಕಾಫಿ ಕಣಕ್ಕಿಂತ ಒಳ್ಳೆಯದಿಲ್ಲ, ಆದರೆ ವಾಟ ನೋಡಿಕೊಳ್ಳಿ

ಮಲೆನಾಡಿನಲ್ಲಿ ಹತ್ತು ಮೀಟರ್ ಸಮತಟ್ಟಾದ ನೆಲ ಹುಡುಕುವುದೇ ಕಷ್ಟ. ನಮ್ಮ ಪುಣ್ಯಕ್ಕೆ ತೋಟಗಳಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣಗಳಿವೆ, ಬಹಳ ಕಡೆ ಕಣದ ಒಂದು ಬದಿಗೆ ಗೋದಾಮಿನ ಗೋಡೆಯೂ ಇರುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಣದಲ್ಲಿ ಹಣ್ಣು ಹರಡಿರುತ್ತದೆ, ಆಗ ಯಾರನ್ನೂ ಕೇಳಬೇಡಿ. ಉಳಿದ ತಿಂಗಳುಗಳಲ್ಲಿ ಪರಿಚಯದವರು ಬೇಡವೆನ್ನುವುದಿಲ್ಲ. ಹಾಸನ, ಕಡೂರಿನ ಕಡೆಯವರಿಗೆ ಇಷ್ಟು ಕಷ್ಟವಿಲ್ಲ, ಮಳಿಗೆಯ ಮುಂದಿನ ಕಾಂಕ್ರೀಟ್ ನೆಲವೋ ಸಮುದಾಯ ಭವನದ ಅಂಗಳವೋ ಸಿಗುತ್ತದೆ.

ಕಣಕ್ಕೆ ನೀರು ಹರಿಯಲು ವಾಟ ಕೊಟ್ಟಿರುತ್ತಾರೆ. ಇದರಿಂದ ಗಾಬರಿಯಾಗಬೇಕಿಲ್ಲ. ಎರಡೂ ಚಕ್ರಗಳು ನಿಂತ ಜಾಗ, ಗೋಡೆಯ ಬುಡ, ಇವೆಲ್ಲ ಒಂದೇ ಇಳಿಜಾರಿನಲ್ಲಿದ್ದರೆ ಅಳತೆ ಕೆಡುವುದಿಲ್ಲ, ಏಕೆಂದರೆ ನಾವು ಎಲ್ಲವನ್ನೂ ಅದೇ ನೆಲದಿಂದ ಅಳೆಯುತ್ತೇವೆ. ತೊಂದರೆಯಾಗುವುದು ನಡುವೆ ವಾಟ ಬದಲಾದಾಗ, ಇಲ್ಲವೇ ಗೋಡೆಯ ಬುಡದಲ್ಲಿ ಚರಂಡಿಗಾಗಿ ನೆಲ ತಗ್ಗಿದಾಗ. ಇದನ್ನು ಕಂಡುಹಿಡಿಯಲು ಒಂದೇ ಎತ್ತರದ ನಾಲ್ಕು ಇಟ್ಟಿಗೆ, ಒಂದು ದಾರ ಸಾಕು. ಹಿಂದಿನ ಚಕ್ರ ನಿಲ್ಲುವ ಜಾಗದಲ್ಲಿ ಒಂದು, ಮುಂದಿನ ಚಕ್ರದ ಜಾಗದಲ್ಲಿ ಒಂದು, ನಡುದಾರಿಯಲ್ಲಿ ಒಂದು, ಗೋಡೆಯ ಬುಡದಲ್ಲಿ ಒಂದು ಇಟ್ಟಿಗೆ ಇಡಿ. ಮೊದಲ ಮತ್ತು ಕೊನೆಯ ಇಟ್ಟಿಗೆಗಳ ಮೇಲೆ ದಾರ ಎಳೆದು ಬಿಗಿಯಾಗಿ ಹಿಡಿಯಿರಿ. ನಡುವಿನ ಎರಡನ್ನೂ ದಾರ ಒತ್ತದೆ, ಬಿಡದೆ ಸವರಿಕೊಂಡು ಹೋಗಬೇಕು. ಮುಂದಿನ ಚಕ್ರದ ಜಾಗದಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಗೋಡೆಯ ಮೇಲೆ ಅದು ಸುಮಾರು 3 ಸೆಂಟಿಮೀಟರ್ ಆಗುತ್ತದೆ, ಹಾಗಾಗಿ ಆ ಇಟ್ಟಿಗೆಯ ಬಳಿ ಬಗ್ಗಿ ನೋಡಿ. ವ್ಯತ್ಯಾಸ ಕಂಡರೆ ಬೈಕನ್ನು ಎರಡಡಿ ಪಕ್ಕಕ್ಕೆ ಸರಿಸಿ ಮತ್ತೆ ದಾರ ಹಿಡಿಯಿರಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಅಳತೆ ಟೇಪು, ಸೀಮೆಸುಣ್ಣ, ಬಣ್ಣ ಬಳಿಯುವವರು ಅಂಟಿಸುವ ಕಾಗದದ ಟೇಪು, ಸ್ಟಾರ್ ಸ್ಕ್ರೂ ಡ್ರೈವರ್, ಅಲೆನ್ ಕೀಗಳು, ಸ್ಪ್ಯಾನರ್‌ಗಳು, ಶಾಕ್ ತಿರುಗಿಸಲು ಕೊಕ್ಕೆಯಂಥ ಸಿ ಸ್ಪ್ಯಾನರ್, ಗಾಳಿಯ ಒತ್ತಡ ನೋಡುವ ಗೇಜು. ಜೊತೆಗೆ ತಾಳ್ಮೆಯಿರುವ ಒಬ್ಬರು, ಸಾಧ್ಯವಾದರೆ ಇಬ್ಬರು. ಒಬ್ಬರೇ ಈ ಕೆಲಸ ಸರಿಯಾಗಿ ಮಾಡಲಾಗದು.

ಸ್ಕ್ರೂ ಮುಟ್ಟುವ ಮೊದಲು

ಸಂಜೆ ಬೆಳಕಿರುವಾಗಲೇ ಇವನ್ನೆಲ್ಲ ಮುಗಿಸಿಕೊಳ್ಳಿ. ಟೈರುಗಳ ಗಾಳಿಯನ್ನು, ಬೈಕು ತಣ್ಣಗಿರುವಾಗ, ಕೈಪಿಡಿ ಹೇಳಿದ ಮಟ್ಟಕ್ಕೆ ತನ್ನಿ. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಬಹಳ ಬೈಕುಗಳಲ್ಲಿ ಹೆಚ್ಚು ಗಾಳಿ ಹೇಳಿರುತ್ತಾರೆ. ಲೈಟಿನ ಗಾಜು ಒರೆಸಿ, ಮಳೆಗಾಲದ ಕೆಸರು ಒಣಗಿ ಕೂತ ಗಾಜು ಬೆಳಕನ್ನು ಎಲ್ಲೆಲ್ಲಿಗೋ ಚೆಲ್ಲುತ್ತದೆ. ಹೆಡ್‌ಲೈಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಅಲುಗಿದರೆ ಅದರ ಬ್ರಾಕೆಟ್ ಸಡಿಲವಾಗಿದೆ, ರಬ್ಬರ್ ಹರಿದಿದೆ. ಅದನ್ನು ಸರಿಪಡಿಸದೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ.

ಹ್ಯಾಲೊಜನ್ ಬಲ್ಬ್ ಇದ್ದರೆ ಅದು ತನ್ನ ಗೂಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಎಚ್4 ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿರುತ್ತವೆ. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂರಬೇಕು. ಒಂದು ತಪ್ಪಿದರೂ ಬೆಳಕಿನ ಅಂಚು ಓರೆಯಾಗುತ್ತದೆ, ಎಷ್ಟು ಸ್ಕ್ರೂ ತಿರುಗಿಸಿದರೂ ಸರಿಹೋಗುವುದಿಲ್ಲ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ.

ಹ್ಯಾಲೊಜನ್ ಗೂಡಿಗೆ ಮಾರುಕಟ್ಟೆಯ ಎಲ್‌ಇಡಿ ಬಲ್ಬ್ ತುರುಕಿದವರಿಗೆ ನೇರವಾಗಿಯೇ ಹೇಳುತ್ತೇನೆ: ಅದನ್ನು ತೆಗೆದುಬಿಡಿ. ಪ್ರತಿಫಲಕದ ಬಟ್ಟಲನ್ನು ಫಿಲಮೆಂಟ್ ಇರುವ ಆ ಒಂದೇ ಬಿಂದುವಿಗೆ ಹೊಂದುವಂತೆ ರೂಪಿಸಿರುತ್ತಾರೆ. ಬೆಳಕು ಹೊರಡುವ ಜಾಗ ಕೆಲವು ಮಿಲಿಮೀಟರ್ ಸರಿದರೂ ಅಂಚು ಕರಗಿಹೋಗುತ್ತದೆ. ಮುಂದಿನ ಹತ್ತು ಮೀಟರ್ ರಸ್ತೆ ಬೆಳ್ಳಗೆ ಹೊಳೆಯುವುದರಿಂದ ಸವಾರನಿಗೆ ತುಂಬಾ ಬೆಳಕಿದೆ ಎನಿಸುತ್ತದೆ, ದೂರದಲ್ಲಿ ಏನೂ ಇರುವುದಿಲ್ಲ. ಅಂಚೇ ಇಲ್ಲದ ಬೆಳಕನ್ನು ಹೊಂದಿಸುವ ಉಪಾಯ ನನ್ನ ಬಳಿ ಇಲ್ಲ.

ಹಿಂದಿನ ಶಾಕ್: ನಿಜವಾದ ಕೆಲಸ ಇಲ್ಲಿದೆ

ಹಿಂದಿನ ಚಕ್ರದ ಆಕ್ಸಲ್ ಮಧ್ಯದಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ಪ್ಯಾನೆಲ್ ಮೇಲೆ ಕಾಗದದ ಟೇಪಿನ ಚೂರು ಅಂಟಿಸಿ ಗುರುತು ಹಾಕಿ. ನೀವೊಬ್ಬರೇ ಪೂರ್ತಿ ಸವಾರಿ ಉಡುಪಿನಲ್ಲಿ, ಹೆಲ್ಮೆಟ್ ಸಮೇತ ಕೂತು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟುಕೊಳ್ಳಿ. ಜೊತೆಗಾರರು ಹಿಂದಿನಿಂದ ಹಿಡಿಕೆ ಹಿಡಿದು ಬೈಕನ್ನು ನೆಟ್ಟಗೆ ನಿಲ್ಲಿಸಲಿ. ಕೂತಲ್ಲೇ ನಾಲ್ಕೈದು ಸಲ ಮೇಲೆ ಕೆಳಗೆ ಒತ್ತಿ ಶಾಕ್ ತನ್ನ ಸಹಜ ಮಟ್ಟಕ್ಕೆ ಬರಲಿ. ಇನ್ನೊಬ್ಬರು ಆಕ್ಸಲ್‌ನಿಂದ ಗುರುತಿನವರೆಗೆ ಅಳೆದು ಬರೆದುಕೊಳ್ಳಲಿ. ಇದು ನಿಮ್ಮ ಮೂಲ ಅಳತೆ.

ಈಗ ನಿಜವಾದ ಪ್ರವಾಸದ ಲೋಡ್ ಹೇರಿ. ಪೆಟ್ಟಿಗೆ, ಪಕ್ಕದ ಚೀಲಗಳು, ಹಿಂದೆ ಕೂರುವವರು, ಎಲ್ಲವೂ. ನಿಜವಾದ ಸಾಮಾನನ್ನೇ ತುಂಬಿ. ಮನೆಯಲ್ಲಿ ಅಂದಾಜು ಮಾಡಿದ ತೂಕಕ್ಕೂ ಹೊರಡುವ ಬೆಳಗ್ಗೆ ಅಮ್ಮ ಕಟ್ಟಿಕೊಡುವ ಡಬ್ಬಿಗಳು ಸೇರಿದ ತೂಕಕ್ಕೂ ಬಹಳ ಅಂತರವಿರುತ್ತದೆ. ಮತ್ತೆ ಅಳೆಯಿರಿ. ಅಳತೆ 2ರಿಂದ 4 ಸೆಂಟಿಮೀಟರ್ ಕಡಿಮೆಯಾದರೆ ಆಶ್ಚರ್ಯಪಡಬೇಡಿ.

ಶಾಕ್‌ನ ಸ್ಪ್ರಿಂಗ್ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಉಂಗುರವಿರುತ್ತದೆ, ಇಲ್ಲವೇ ಸ್ಕ್ರೂವಿನಂತೆ ತಿರುಗುವ ಎರಡು ಉಂಗುರಗಳು. ಕೆಲವು ಬೈಕುಗಳಲ್ಲಿ ಕೈಯಲ್ಲೇ ತಿರುಗಿಸುವ ಗುಬ್ಬಿ ಇರುತ್ತದೆ. ಇದನ್ನು ಬಿಗಿ ಮಾಡುವುದಕ್ಕೇ ಪ್ರೀಲೋಡ್ ಹೆಚ್ಚಿಸುವುದು ಎನ್ನುತ್ತಾರೆ. ಎರಡು ಶಾಕ್ ಇರುವ ಬೈಕಿನಲ್ಲಿ ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಬೇಕು. ಲೋಡ್ ಇಳಿಸಿ, ಒಂದು ಮೆಟ್ಟಿಲು ಏರಿಸಿ, ಲೋಡ್ ಹೇರಿ, ಅಳೆಯಿರಿ. ಮೂಲ ಅಳತೆಗಿಂತ 1 ಸೆಂಟಿಮೀಟರಿನೊಳಗೆ ಬರುವವರೆಗೆ ಹೀಗೇ ಮಾಡಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಒಮ್ಮೆ ಮಾಡಿ "ಒಬ್ಬನೇ: 2ನೇ ಮೆಟ್ಟಿಲು, ಇಬ್ಬರು ಮತ್ತು ಸಾಮಾನು: 5ನೇ ಮೆಟ್ಟಿಲು" ಎಂದು ಬರೆದಿಟ್ಟರೆ ಆ ಬೈಕು ಇರುವವರೆಗೂ ಸಾಕು.

ಸಾಮಾನು ಎಲ್ಲಿ ಕಟ್ಟುತ್ತೀರಿ ಎಂಬುದೂ ಮುಖ್ಯ. ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಚಾಚಿಕೊಂಡ ಪೆಟ್ಟಿಗೆಯಲ್ಲಿ ತೂಕ ತುಂಬಿದರೆ ಅದು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ: ಹಿಂಭಾಗವನ್ನು ಕುಗ್ಗಿಸುವುದರ ಜೊತೆಗೆ ಮುಂಭಾಗವನ್ನು ಎತ್ತುತ್ತದೆ. ಎರಡೂ ಸೇರಿ ಬೆಳಕು ಮೇಲೇಳುತ್ತದೆ. ಟೂಲ್ ಕಿಟ್, ಬೀಗ, ನೀರಿನ ಬಾಟಲಿಯಂಥ ಭಾರದ ವಸ್ತುಗಳನ್ನು ಪಕ್ಕದ ಚೀಲಗಳ ತಳದಲ್ಲಿ, ಆದಷ್ಟು ಮುಂದಕ್ಕೆ ಇಡಿ. ಬಟ್ಟೆ, ಮಳೆಕೋಟು ಹಿಂದಿನ ಪೆಟ್ಟಿಗೆಗೆ ಹೋಗಲಿ.

ಗೋಡೆಯ ಮೇಲೆ ಗೆರೆ

ಗೋಡೆಯಿಂದ ಲಂಬವಾಗಿ ನೆಲದ ಮೇಲೊಂದು ನೇರ ಗೆರೆ ಬೇಕು. ಗಾರೆ ಕೆಲಸದವರ ಉಪಾಯವೇ ಇದಕ್ಕೆ ಸರಿ: ಗೋಡೆಯ ಬುಡದಲ್ಲಿ ಒಂದು ಬಿಂದುವಿನಿಂದ ಪಕ್ಕಕ್ಕೆ 3 ಅಡಿ, ಹೊರಕ್ಕೆ 4 ಅಡಿ ಗುರುತಿಸಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವಂತೆ ಹೊರಗಿನ ಗುರುತನ್ನು ಸರಿಸಿ. ಮೂಲೆ ಮಟ್ಟವಾಯಿತು. ಆ ಗೆರೆಯನ್ನು ದಾರ ಹಿಡಿದು 10 ಮೀಟರಿನವರೆಗೆ ಸೀಮೆಸುಣ್ಣದಲ್ಲಿ ಎಳೆಯಿರಿ.

ಬೈಕಿನ ಎರಡೂ ಚಕ್ರಗಳನ್ನು ಆ ಗೆರೆಯ ಮೇಲೆ ತಂದು, ಮೂತಿ ಗೋಡೆಯಿಂದ ಒಂದಡಿ ದೂರದಲ್ಲಿರುವಂತೆ ನಿಲ್ಲಿಸಿ. ಮಾಮೂಲು ಲೋಡ್‌ನಲ್ಲಿ ನೀವು ಕೂತಿರಬೇಕು. ಸೆಂಟರ್ ಸ್ಟ್ಯಾಂಡ್ ಬೇಡ, ಅದು ಹಿಂದಿನ ಚಕ್ರವನ್ನೇ ಎತ್ತಿಬಿಡುತ್ತದೆ. ಸೈಡ್ ಸ್ಟ್ಯಾಂಡ್‌ನಲ್ಲಿ ಬೈಕು ವಾಲುತ್ತದೆ, ಅದೂ ಬೇಡ. ಲೋ ಬೀಮ್ ಹಚ್ಚಿ. ಗೋಡೆಯ ಮೇಲೆ ಲ್ಯಾಂಪಿನ ಮಧ್ಯಕ್ಕೆ ಸರಿಯಾಗಿ ಗುರುತು ಹಾಕಿ. ಆ ಗುರುತಿನ ಮೂಲಕ ಒಂದು ಅಡ್ಡ ಪಟ್ಟಿ, ಒಂದು ಉದ್ದ ಪಟ್ಟಿ ಕಾಗದದ ಟೇಪನ್ನು ಅಂಟಿಸಿ. ಅಡ್ಡ ಪಟ್ಟಿ ಎರಡೂ ತುದಿಗಳಲ್ಲಿ ನೆಲದಿಂದ ಒಂದೇ ಎತ್ತರದಲ್ಲಿರಲಿ. ಅದರ ಕೆಳಗೆ 8 ಸೆಂಟಿಮೀಟರಿಗೆ ಒಂದು, 12 ಸೆಂಟಿಮೀಟರಿಗೆ ಇನ್ನೊಂದು ಅಡ್ಡ ಪಟ್ಟಿ. ಬೆಳಕಿನ ಅಂಚು ಕೂರಬೇಕಾದ ಮನೆ ಈ ಎರಡರ ನಡುವೆ.

ಬೈಕನ್ನು ಗೆರೆಯ ಮೇಲೇ ಹಿಂದಕ್ಕೆ ತಳ್ಳಿ, ಲ್ಯಾಂಪಿನ ಗಾಜಿನಿಂದ ಗೋಡೆಗೆ 8 ಮೀಟರ್ ಇರುವಲ್ಲಿ ನಿಲ್ಲಿಸಿ. ಹ್ಯಾಂಡಲ್ ನೆಟ್ಟಗಿರಲಿ. ಮತ್ತೆ ಕೂತು, ಮುಂದೆ ಹಿಂದೆ ಎರಡೂ ಕಡೆ ಒತ್ತಿ ಬಿಡಿ. ಎಂಜಿನ್ ಚಾಲೂ ಇಡುವುದು ಒಳ್ಳೆಯದು, ಬ್ಯಾಟರಿ ಇಳಿದರೆ ಹ್ಯಾಲೊಜನ್ ಬೆಳಕು ಮಂಕಾಗುತ್ತದೆ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಎಂಜಿನ್ ಶುರುವಾದರೆ ಲೈಟು ತಾನಾಗಿ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. ಆದರೆ ಮುಚ್ಚಿದ ಗೋದಾಮಿನೊಳಗೆ ಎಂಜಿನ್ ಓಡಿಸಬೇಡಿ, ಹೊಗೆಯ ವಿಷ ಗೊತ್ತಾಗದಂತೆ ತಲೆಗೇರುತ್ತದೆ.

ಎಲ್‌ಇಡಿ ಅಥವಾ ಪ್ರೊಜೆಕ್ಟರ್ ಲ್ಯಾಂಪಿನ ಅಂಚು ಚಾಕುವಿನಲ್ಲಿ ಕೊಯ್ದಂತೆ ಕಾಣುತ್ತದೆ. ಹಳೆಯ ದುಂಡು ಲೈಟಿನ ಅಂಚು ಹಾಗಿರುವುದಿಲ್ಲ. ಆಗ ಒಬ್ಬರು ಗೋಡೆಯ ಪಕ್ಕ ನಿಂತು ಬಿಳಿ ಹಾಳೆಯನ್ನು ಮೇಲಿನಿಂದ ನಿಧಾನವಾಗಿ ಕೆಳಗೆ ಜಾರಿಸಲಿ. ಹಾಳೆ ಒಮ್ಮೆಲೇ ಬೆಳಗುವ ಜಾಗವೇ ಅಂಚು. ನಮ್ಮ ದೇಶದಲ್ಲಿ ಎಡಗಡೆ ಓಡಿಸುವುದರಿಂದ ಹಲವು ಲ್ಯಾಂಪುಗಳ ಅಂಚು ಬಲಕ್ಕೆ ಮಟ್ಟವಾಗಿದ್ದು, ಮಧ್ಯದಿಂದ ಎಡಕ್ಕೆ ಮೇಲೇರುತ್ತದೆ. ಅಳತೆ ಮಾಡಬೇಕಾದದ್ದು ಬಲಗಡೆಯ ಮಟ್ಟವಾದ ಭಾಗವನ್ನು. ನಿಮ್ಮ ಲ್ಯಾಂಪಿನ ಅಂಚು ಬಲಕ್ಕೆ ಮೇಲೇರುತ್ತಿದ್ದರೆ ಅದು ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ ಲ್ಯಾಂಪು. ಅದನ್ನು ಎಷ್ಟು ಬಗ್ಗಿಸಿದರೂ ಎದುರಿನವರ ಕಣ್ಣಿಗೇ ಹೊಡೆಯುತ್ತದೆ, ಬದಲಾಯಿಸಲೇಬೇಕು.

ತಿರುಗಿಸುವುದು

ಇಷ್ಟೆಲ್ಲ ಆದ ಮೇಲೆ ಉಳಿದ ಕೆಲಸ ಹತ್ತು ನಿಮಿಷದ್ದು. ಮುಂಭಾಗಕ್ಕೆ ಫೇರಿಂಗ್, ಅಂದರೆ ಹೊರ ಹೊದಿಕೆ, ಇರುವ ಬೈಕುಗಳಲ್ಲಿ ಲ್ಯಾಂಪಿನ ಹಿಂದೆ ಸ್ಕ್ರೂ ಅಥವಾ ಅಲೆನ್ ಬೋಲ್ಟ್ ಇರುತ್ತದೆ. ಒಂದೇ ಇದ್ದರೆ ಅದು ಮೇಲೆ ಕೆಳಗೆ ಮಾಡಲು. ಎರಡಿದ್ದರೆ ಇನ್ನೊಂದು ಎಡಬಲಕ್ಕೆ. ಯಾವ ಕಡೆ ತಿರುಗಿಸಿದರೆ ಬೆಳಕು ಎತ್ತ ಹೋಗುತ್ತದೆ ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಕಾಲು ಸುತ್ತು ತಿರುಗಿಸಿ, ಗೋಡೆ ನೋಡಿ, ಮುಂದುವರಿಯಿರಿ. ತಿರುಗಿಸುವಾಗ ಕೈಭಾರ ಬೈಕಿನ ಮೇಲೆ ಬೀಳದಿರಲಿ, ಬಿದ್ದರೆ ಗೋಡೆಯ ಮೇಲೆ ಅಂಚು ಕುಣಿಯುತ್ತದೆ.

ದುಂಡು ಲ್ಯಾಂಪಿನಲ್ಲಿ ಎರಡು ಪಕ್ಕದ ಬೋಲ್ಟುಗಳನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಇಡೀ ಬಟ್ಟಲನ್ನು ಕೈಯಿಂದ ಬಗ್ಗಿಸಬೇಕು. ಪೂರ್ತಿ ಸಡಿಲಿಸಿದರೆ ಲ್ಯಾಂಪು ತಲೆ ತೂಗಿ ಬೀಳುತ್ತದೆ. ಬೋಲ್ಟ್ ಬಿಗಿಯುವಾಗ ಲ್ಯಾಂಪು ಸ್ವಲ್ಪ ತಿರುಗುವುದು ಸಾಮಾನ್ಯ, ಹಾಗಾಗಿ ಬಿಗಿದ ಮೇಲೆ ಮತ್ತೆ ನೋಡಲೇಬೇಕು. ಎರಡೂ ಪಕ್ಕವನ್ನು ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಬಿಗಿಯಿರಿ.

ಎಡಬಲದ ವಿಷಯದಲ್ಲಿ, ಅಂಚು ಮೇಲೇರಲು ಶುರುವಾಗುವ ಮುರಿವು ಉದ್ದ ಪಟ್ಟಿಯ ಮೇಲೆ ಬರಬೇಕು. ಮುರಿವೇ ಇಲ್ಲದ ಲ್ಯಾಂಪಾದರೆ ಬೆಳಕಿನ ಗಟ್ಟಿ ಭಾಗ ಪಟ್ಟಿಯ ಮೇಲೋ ಒಂದು ಬೆರಳು ಎಡಕ್ಕೋ ಇರಲಿ. ಬಲಕ್ಕೆ ಬೇಡ.

ನಾನು ಒಬ್ಬನೇ ಕೂತಾಗ ಅಂಚನ್ನು 9 ಸೆಂಟಿಮೀಟರಿಗೆ ನಿಲ್ಲಿಸಿದ್ದೇನೆ. ನಂತರ ಪೂರ್ತಿ ಲೋಡ್ ಹೇರಿ, ಪ್ರೀಲೋಡ್ ಏರಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮತ್ತೆ ನೋಡಿದೆ. ಮೊದಲೊಮ್ಮೆ ಪ್ರೀಲೋಡ್ ಏರಿಸದೆಯೇ ಕೂರಲು ಹೇಳಿದ್ದೆ. ಅವಳು ಕಾಲೆತ್ತಿ ಕೂರುತ್ತಿದ್ದಂತೆ ಗೋಡೆಯ ಮೇಲಿನ ಗೆರೆ ಮೊದಲ ಪಟ್ಟಿ ದಾಟಿ, ಲ್ಯಾಂಪಿನ ಮಧ್ಯದ ಪಟ್ಟಿಯನ್ನೂ ದಾಟಿ, ನಾಲ್ಕು ಬೆರಳು ಮೇಲೆ ಹೋಗಿ ನಿಂತಿತು. ಅವಳು ಇಳಿದಳು, ಗೆರೆಯೂ ಇಳಿಯಿತು. ಮತ್ತೆ ಹತ್ತಿದಳು, ಮತ್ತೆ ಏರಿತು. "ಹಾಗಾದರೆ ಆ ಪಿಕಪ್‌ನವನಿಗೆ ಹೊಡೆದದ್ದು ಇದೇ," ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಆ ಗೆರೆಯನ್ನೇ ನೋಡಿದೆವು. ಮೂರು ಮೆಟ್ಟಿಲು ಪ್ರೀಲೋಡ್ ಏರಿಸಿದ ಮೇಲೆ ಅಂಚು ಲ್ಯಾಂಪಿನ ಮಟ್ಟಕ್ಕಿಂತ 5 ಸೆಂಟಿಮೀಟರ್ ಕೆಳಗೆ ಬಂತು. ಉಳಿದ 4 ಸೆಂಟಿಮೀಟರನ್ನು ಸ್ಕ್ರೂನಲ್ಲಿ ಇಳಿಸಿದೆ. ಎಷ್ಟು ಸುತ್ತು ಎಂದು ಎಣಿಸಿ ಬರೆದುಕೊಂಡೆ. ಲೋಡ್ ಹಾಕುವಾಗ ಅಷ್ಟು ಸುತ್ತು ಒಂದು ಕಡೆಗೆ, ತೆಗೆದಾಗ ಅಷ್ಟೇ ಸುತ್ತು ಇನ್ನೊಂದು ಕಡೆಗೆ. ನಿಮ್ಮ ಸಂಖ್ಯೆಗಳು ಬೇರೆ ಬರುತ್ತವೆ, ನನ್ನವನ್ನು ನಕಲು ಮಾಡಬೇಡಿ.

ದುಂಡು ಲ್ಯಾಂಪಿನವರು ಪ್ರತಿ ಸಲ ಬೋಲ್ಟ್ ಸಡಿಲಿಸುವುದು ಆಗದ ಮಾತು. ನೀವು ಹೆಚ್ಚಾಗಿ ರಾತ್ರಿ ಯಾವ ಲೋಡ್‌ನಲ್ಲಿ ಓಡುತ್ತೀರೋ ಅದಕ್ಕೆ ಹೊಂದಿಸಿ. ಎರಡರ ನಡುವೆ ಅನುಮಾನ ಬಂದರೆ ಲೋಡ್ ಇರುವಾಗ 8 ಸೆಂಟಿಮೀಟರ್ ಬರುವಂತೆ ಇಡಿ. ಒಬ್ಬರೇ ಹೋಗುವಾಗ ಬೆಳಕು ಸ್ವಲ್ಪ ಹತ್ತಿರ ಬೀಳುತ್ತದೆ, ವೇಗ ಇಳಿಸಿಕೊಂಡರೆ ಆಯಿತು.

ಹೈ ಬೀಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋ ಮತ್ತು ಹೈ ಒಂದೇ ಬಟ್ಟಲಿನಲ್ಲಿದ್ದರೆ ಲೋ ಸರಿಯಾದರೆ ಹೈ ತಾನಾಗಿ ಸರಿಯಾಗುತ್ತದೆ. ಹೈ ಬೀಮ್‌ಗೆ ಬೇರೆ ಲ್ಯಾಂಪು, ಬೇರೆ ಸ್ಕ್ರೂ ಇದ್ದರೆ ಅದರ ಗಟ್ಟಿ ಬೆಳಕು ಆ ಲ್ಯಾಂಪಿನ ಮಧ್ಯದ ಎತ್ತರಕ್ಕೋ ಒಂದೆರಡು ಬೆರಳು ಕೆಳಗೋ ಬರಲಿ.

ಮಂಜು ಮತ್ತು ಹೆಚ್ಚುವರಿ ಲ್ಯಾಂಪುಗಳು

ಕೊಟ್ಟಿಗೆಹಾರ, ಚಾರ್ಮಾಡಿ, ಮುಳ್ಳಯ್ಯನಗಿರಿಯ ದಾರಿಗಳಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ನಿಮ್ಮ ಬೆಳಕೇ ನೀರಿನ ಕಣಗಳಿಗೆ ಬಡಿದು ನಿಮ್ಮ ಕಣ್ಣಿಗೆ ಮರಳುತ್ತದೆ. ಮಂಜಿನಲ್ಲಿ ಕೆಲಸಕ್ಕೆ ಬರುವುದು ಕಣ್ಣಿಗಿಂತ ಬಹಳ ಕೆಳಗೆ ಕೂತು, ರಸ್ತೆಯ ಮೇಲಷ್ಟೇ ಅಗಲವಾಗಿ ಹರಡುವ ಬೆಳಕು. ಕ್ರ್ಯಾಶ್ ಗಾರ್ಡಿಗೆ ಕಟ್ಟುವ ಫಾಗ್ ಲ್ಯಾಂಪುಗಳ ಉದ್ದೇಶ ಅದೇ. ಅವನ್ನೂ ಅದೇ ಗೋಡೆಯ ಮೇಲೆ ಹೊಂದಿಸಿ: ಅವುಗಳ ಮೇಲಂಚು ಅವುಗಳದೇ ಮಧ್ಯದ ಎತ್ತರಕ್ಕಿಂತ 8 ಮೀಟರಿನಲ್ಲಿ ಕನಿಷ್ಠ 20 ಸೆಂಟಿಮೀಟರ್ ಕೆಳಗಿರಲಿ. ಪೂರ್ತಿ ಲೋಡ್‌ನಲ್ಲೂ ಒಮ್ಮೆ ನೋಡಿ.

ಅಂಚೇ ಇಲ್ಲದ, ಎಲ್ಲ ದಿಕ್ಕಿಗೂ ಬೆಳಕು ಎರಚುವ ಪುಟ್ಟ ಲ್ಯಾಂಪುಗಳನ್ನು ಬಹಳ ಜನ ಹಾಕಿಸುತ್ತಾರೆ. ಅವು ಹೈ ಬೀಮ್ ಜೊತೆ ಮಾತ್ರ ಉರಿದು, ಡಿಮ್ ಒತ್ತಿದ ಕೂಡಲೇ ಆರುವಂತೆ ರಿಲೇ ಹಾಕಿಸಿ. ಪ್ರತ್ಯೇಕ ಸ್ವಿಚ್ ಇಟ್ಟರೆ ತಿರುವಿನಲ್ಲಿ ಬಸ್ಸು ಎದುರಾದಾಗ ಅದನ್ನು ಆರಿಸಲು ಕೈ ಹೋಗುವುದಿಲ್ಲ.

ರಸ್ತೆಯಲ್ಲಿ ಪರೀಕ್ಷೆ

ಗೋಡೆಯ ಕೆಲಸ ಮುಗಿದ ಮೇಲೆ ಕಡೂರು ಕಡೆಯ ಬಯಲು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮುಂದೆ ಹೋಗುವ ಕಾರಿನ ಹಿಂದೆ ಸುಮಾರು 20 ಮೀಟರ್ ದೂರದಲ್ಲಿ ಸಾಗಿ. ನಿಮ್ಮ ಬೆಳಕಿನ ಅಂಚು ಅದರ ಹಿಂದಿನ ಗಾಜಿನ ಕೆಳಗೆ, ಡಿಕ್ಕಿಯ ಬಾಗಿಲಿನ ಮೇಲೆ ನಿಲ್ಲಬೇಕು. ಗಾಜಿನೊಳಗೆ ನುಗ್ಗಿ ಚಾಲಕನ ತಲೆ ಬೆಳಗುತ್ತಿದ್ದರೆ ಇನ್ನೂ ಎತ್ತರವಾಗಿದೆ. ನಂತರ ಜೊತೆಗಾರರನ್ನು ಬೈಕಿನ ಮೇಲೆ ಕೂರಿಸಿ, ನೀವೇ 50 ಹೆಜ್ಜೆ ಮುಂದೆ ಹೋಗಿ, ರಸ್ತೆಯ ಬಲ ಬದಿಯಲ್ಲಿ ಸ್ವಲ್ಪ ಬಗ್ಗಿ, ಕಾರು ಚಾಲಕನ ಕಣ್ಣಿನ ಎತ್ತರದಿಂದ ಬೈಕಿನತ್ತ ನೋಡಿ. ಲ್ಯಾಂಪು ಹೊಳೆಯುವುದು ಸಹಜ. ಕಣ್ಣು ತಾನಾಗಿ ಮುಚ್ಚಿಕೊಳ್ಳಬಾರದು.

ಘಟ್ಟದಲ್ಲಿ ಕೆಲವು ತೊಂದರೆಗಳನ್ನು ಯಾವ ಸ್ಕ್ರೂ ಕೂಡ ಸರಿಪಡಿಸದು. ಎಡ ತಿರುವಿನಲ್ಲಿ ಬೈಕು ಎಡಕ್ಕೆ ವಾಲಿದಾಗ ಬೆಳಕಿನ ಅಂಚೂ ಜೊತೆಗೇ ವಾಲುತ್ತದೆ: ನೀವು ಹೋಗಬೇಕಾದ ಎಡಭಾಗ ಕತ್ತಲಾಗುತ್ತದೆ, ಬಲಭಾಗದ ಬೆಳಕು ಎದ್ದು ಎದುರಿನವರತ್ತ ಹೋಗುತ್ತದೆ. ಅದಕ್ಕಾಗಿ ಲೈಟನ್ನೇ ಎತ್ತಿಕೊಂಡರೆ ನೇರ ರಸ್ತೆಯಲ್ಲಿ ಎಲ್ಲರಿಗೂ ಕಾಟ. ತಿರುವಿಗೆ ಮೊದಲೇ ವೇಗ ಇಳಿಸುವುದೊಂದೇ ದಾರಿ. ಜೋರಾಗಿ ಮುಂದಿನ ಬ್ರೇಕ್ ಹಿಡಿದಾಗ ಫೋರ್ಕ್ (ಮುಂದಿನ ಚಕ್ರದ ಶಾಕ್) ಕುಗ್ಗಿ ಬೆಳಕು ನಿಮ್ಮ ಚಕ್ರದ ಮುಂದೆಯೇ ಬೀಳುತ್ತದೆ, ದೂರ ನೋಡಬೇಕಾದ ಕ್ಷಣದಲ್ಲೇ ದೂರ ಕಾಣುವುದಿಲ್ಲ.

ಸರಿಯಾಗಿ ಹೊಂದಿಸಿದ ಲೋ ಬೀಮ್‌ನಲ್ಲಿ ಕಾಡುಪ್ರಾಣಿ ಹೇಗೆ ಕಾಣುತ್ತದೆ ಎಂಬುದೂ ಗೊತ್ತಿರಲಿ. ಅಂಚಿನ ಮೇಲೆ ಬೆಳಕಿಲ್ಲದ ಕಾರಣ ದೂರದಲ್ಲಿ ಕಾಲುಗಳಷ್ಟೇ ಕಾಣುತ್ತವೆ. ಕಾಟಿಯ, ಅಂದರೆ ಕಾಡುಕೋಣದ, ಮೈ ಕಪ್ಪು, ಮೊಣಕಾಲಿನಿಂದ ಕೆಳಗೆ ಬಿಳಿ. ರಸ್ತೆಯ ಮೇಲೆ ನಾಲ್ಕು ಬಿಳಿ ಕಂಬಗಳು ನಿಂತಂತೆ ಮೊದಲು ಕಾಣುವುದು ಅದೇ. ಆನೆಗೆ ಆ ಬಿಳುಪೂ ಇಲ್ಲ. ಸಕಲೇಶಪುರ, ಆಲೂರು, ಬೇಲೂರು ಸುತ್ತಿನ ತೋಟದ ರಸ್ತೆಗಳಲ್ಲಿ, ಎದುರು ಯಾರೂ ಇಲ್ಲದಾಗ ಹೈ ಬೀಮ್ ಬಳಸಿ. ಯಾರಾದರೂ ಬಂದ ತಕ್ಷಣ ಇಳಿಸಿ.

ಗುರುತು ಹಾಕಿಡುವುದು

ಎಲ್ಲ ಸರಿಯಾದ ಮೇಲೆ ಬೋಲ್ಟಿನ ತಲೆಯಿಂದ ಬ್ರಾಕೆಟ್‌ಗೆ ದಾಟುವಂತೆ ಉಗುರುಬಣ್ಣದಲ್ಲಿ ಒಂದು ಗೀಟು ಎಳೆಯಿರಿ. ಗೀಟು ಮುರಿದು ಕಂಡರೆ ಬೋಲ್ಟ್ ತಿರುಗಿದೆ ಎಂದರ್ಥ. ನಮ್ಮ ರಸ್ತೆಗಳ ಗುಂಡಿಗಳಿಗೆ ಅದು ತಿರುಗುವುದು ಅಪರೂಪವಲ್ಲ. ಟೈರ್ ಬದಲಿಸಿದಾಗ, ಫೋರ್ಕಿನ ಎಣ್ಣೆ ಅಥವಾ ಸ್ಪ್ರಿಂಗ್ ಬದಲಿಸಿದಾಗ, ಬಲ್ಬ್ ಹಾಕಿಸಿದಾಗ, ಬೈಕು ಒಮ್ಮೆ ಮಗುಚಿ ಬಿದ್ದಾಗ ಮತ್ತೆ ಗೋಡೆಯ ಮುಂದೆ ನಿಲ್ಲಿಸಿ. ಸರ್ವಿಸ್‌ನಿಂದ ಬಂದ ದಿನವೂ ನೋಡಿ, ಫೇರಿಂಗ್ ಬಿಚ್ಚಿ ಹಾಕುವಾಗ ಲ್ಯಾಂಪಿನ ಮಟ್ಟ ತಪ್ಪುವುದುಂಟು.

ನಾವು ಕೆಲಸ ಮಾಡಿದ ಗೋದಾಮಿನ ಗೋಡೆಯ ಮೇಲೆ ಟೇಪು ಕಿತ್ತ ಮೇಲೂ ಪೆನ್ಸಿಲ್ ಗೆರೆಗಳು ಉಳಿದಿವೆ, ನೆಲದಲ್ಲಿ 8 ಮೀಟರಿನ ಗುರುತಿಗೆ ತೋಟದ ಯಜಮಾನರು ಒಂದು ಮೊಳೆ ಹೊಡೆಸಿದ್ದಾರೆ. ಹೋದ ವಾರ ಅವರೇ ತಮ್ಮ ಜೀಪನ್ನು ತಂದು ಆ ಮೊಳೆಯ ಮೇಲೆ ನಿಲ್ಲಿಸಿ, ನೆಲದಿಂದ ಅದರ ಲೈಟಿಗೆ ಎಷ್ಟು ಎತ್ತರ ಎಂದು ಅಳೆಯುತ್ತಿದ್ದರು.